ಬಾತುಗಳಿಗೆ ಬಿರಿಯಾನಿ

ನಮ್ಮವರ ಬಗ್ಗೆ ನನಗೆ ಹೇಸಿಗೆ ಹುಟ್ಟಿದ್ದು ಬಹ್ರೇನಿನ ಒಂದು ಕೆರೆಯ ದಂಡೆಯಲ್ಲಿ. ಕೆರೆ ಎಂದರೆ ದೊಡ್ಡ ಮಾತಾಯಿತು. ಈಸಾ ಟೌನಿನ ನಮ್ಮ ಫ್ಲಾಟಿನಿಂದ ಕಾಲು ಗಂಟೆ ಕಾರು ಓಡಿಸಿದರೆ ಶುದ್ಧೀಕರಿಸಿದ ನೀರು ನಿಲ್ಲುವ ಒಂದು ತಗ್ಗು, ಸುತ್ತ ಜೊಂಡು, ಅಷ್ಟೇ. ಚಳಿಗಾಲ ಬಂತೆಂದರೆ ಉತ್ತರದ ಹಿಮದ ನಾಡುಗಳಿಂದ ಕಾಡುಬಾತುಗಳು ಹಾರಿ ಬಂದು ಅಲ್ಲಿ ಇಳಿಯುತ್ತವೆ. ಅಗಲ ಕೊಕ್ಕಿನ ಒಂದು ಜಾತಿಯಂತೂ ಸೌಟಿನಲ್ಲಿ ಸಾರು ಕಲಕುವಂತೆ ನೀರನ್ನು ಸೋಸುತ್ತ ಸುತ್ತುತ್ತಲೇ ಇರುತ್ತದೆ. ವಾರವಿಡೀ ಆಫೀಸಿನಲ್ಲಿ ಬೈಗುಳ ತಿನ್ನುವ ನನಗೆ ಶುಕ್ರವಾರ ಬೆಳಿಗ್ಗೆ ಅದನ್ನು ನೋಡುತ್ತ ಕೂರುವುದೊಂದೇ ಸುಖವಾಗಿತ್ತು.

ತಪ್ಪು ನನ್ನದೇ. ಸುಮ್ಮನಿರಲಾಗದೆ ಒಂದು ಫೋಟೋ ತೆಗೆದು ಕರಾವಳಿಯವರ ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಮುಂದಿನ ಶುಕ್ರವಾರ ಸಂಘದ ಮಧ್ಯಾಹ್ನದ ಊಟ ಮುಗಿದದ್ದೇ ನನ್ನನ್ನು ಮುಂದೆ ಬಿಟ್ಟುಕೊಂಡು ಐದು ಕಾರುಗಳು ಹೊರಟವು. ಡಿಕ್ಕಿಗಳಲ್ಲಿ ಉಳಿದ ಬಿರಿಯಾನಿಯ ಟ್ರೇಗಳಿದ್ದವು.

“ಅನ್ನ ಬಿಸಾಡ್ಲಿಕ್ಕೆ ಆಗ್ತದಾ ಮಾರಾಯ? ಬಾತುಗಳು ತಿಂದ್ರೆ ನಮಗೇ ಪುಣ್ಯ” ಎಂದರು ಸಂಘದ ಹಿರಿಯರು. ನನಗೆ ವೀಸಾ ಕೊಡಿಸಿ ಕೆಲಸಕ್ಕೆ ಸೇರಿಸಿದವರು ಅವರೇ. ಅವರಿಗೆ ಎದುರಾಡುವವರು ನಮ್ಮಲ್ಲಿ ಯಾರೂ ಇಲ್ಲ.

ತುಪ್ಪ, ಮಸಾಲೆ, ಕೋಳಿಯ ಮೂಳೆ ಎಲ್ಲ ನೀರಿಗೆ ಬಿತ್ತು. ಬಾತುಗಳು ಒಂದು ಅಗುಳನ್ನೂ ಮುಟ್ಟದೆ ಆಚೆ ದಡಕ್ಕೆ ಸರಿದವು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನಮ್ಮವರು ಎನ್ನುವುದು ಹೇಗೆ? ಪ್ರತಿ ಶುಕ್ರವಾರದ ಪದ್ಧತಿಯೇ ಆಯಿತು, ಸೆಲ್ಫಿ ಸಮೇತ. ಮೂರನೇ ವಾರಕ್ಕೆ ದಂಡೆಯೆಲ್ಲ ಹಳಸಿದ ಅನ್ನದ ಗಬ್ಬು, ಜೊಂಡಿನ ಬುಡದಲ್ಲಿ ಹೆಗ್ಗಣಗಳು. ಅಗಲ ಕೊಕ್ಕಿನ ಬಾತೊಂದು ಎದೆಯ ಗರಿಯೆಲ್ಲ ಜಿಡ್ಡಾಗಿ, ಹಾರಲಾರದೆ ಕೆಸರಿನಲ್ಲಿ ಕುಳಿತಿತ್ತು.

ಇವತ್ತು ಹೇಳಿಯೇ ಬಿಡುವುದೆಂದು ಹಿರಿಯರ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಒಂದು ಟ್ರೇಯನ್ನು ನನ್ನ ಕೈಗಿಟ್ಟರು.

“ಈ ಜಾಗ ತೋರಿಸಿದವ ನೀನಲ್ವಾ? ಇವತ್ತು ನೀನೇ ಹಾಕು.”

ಎಲ್ಲರೂ ಮೊಬೈಲ್ ಎತ್ತಿ ಹಿಡಿದರು. ನಾನು ಹಾಕಿದೆ. ಹಲ್ಲು ಕಿರಿಯುತ್ತಲೇ ಹಾಕಿದೆ. ಅವರೆಲ್ಲರಿಗಿಂತ ಹೆಚ್ಚು ಹೇಸಿಗೆ ಆಗ ನನ್ನ ಮೇಲೆಯೇ ಹುಟ್ಟಿತು.

ಮುಂದಿನ ವಾರ ಹೋದಾಗ ನೀರಿನ ಮೇಲೆ ಒಂದು ಬಾತೂ ಇರಲಿಲ್ಲ.

“ಚಳಿ ಮುಗೀತಲ್ಲ, ಅವು ಅವುಗಳ ಊರಿಗೆ ಹೋದವು” ಎಂದರು ಹಿರಿಯರು. ಜನವರಿಯ ಮೊದಲ ವಾರ ಅದು. ನಾವೆಲ್ಲ ಸ್ವೆಟರ್ ಹಾಕಿಕೊಂಡು ನಿಂತಿದ್ದೆವು.

“ಹೌದಣ್ಣ” ಎಂದೆ.