ಎಲಿಸ್ ಮಾವ ಹೊತ್ತ ಸುದ್ದಿಗಳು

ರಿವ್‌ಗೋಚ್ ಊರಿನ ಹೆಂಗಸರು ಹಗಲು ಹೊತ್ತು ಗಣಿಯ ದಾರಿಯತ್ತ ತಲೆಯೆತ್ತಿ ನೋಡುತ್ತಿರಲಿಲ್ಲ. ಗುಡ್ಡದ ಮೇಲಿನ ಸ್ಲೇಟು ಗಣಿಯಿಂದ ಗಂಡಸರು ಸಂಜೆಗೆ ಗುಂಪಾಗಿ ಇಳಿದು ಬರಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಒಬ್ಬನೇ ಇಳಿದು ಬಂದನೆಂದರೆ ಅವನು ಎಲಿಸ್ ಪೆನ್ರಿ, ಯಾರದೋ ಮನೆಯ ದೀಪ ಆರಿತು ಎಂದೇ ಅರ್ಥ. ಗಣಿಯೊಳಗೆ ಯಾರಾದರೂ ಸತ್ತರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಎಲಿಸ್ ಆ ಮನೆ ಮುಟ್ಟುವ ತನಕ ಉಳಿದವರೆಲ್ಲ ಮೇಲೆಯೇ ಕಾಯುತ್ತಿದ್ದರು. ಸತ್ತವನ ಹೆಂಡತಿಗೆ ಸುದ್ದಿ ಬೀದಿಯಲ್ಲಿ ತಿಳಿಯಬಾರದು ಎಂಬುದು ಗಣಿಯವರು ತಾವೇ ಮಾಡಿಕೊಂಡ ಕಟ್ಟಳೆ.

ಎಲಿಸ್‌ಗೆ ಈ ಕೆಲಸ ಗಂಟುಬಿದ್ದದ್ದು ತಂಗಿ ಲೌರಿಯ ಗಂಡ ಬಂಡೆಯಡಿ ಸಿಕ್ಕಿ ಸತ್ತ ದಿನ. ಮೇಸ್ತ್ರಿಗೆ ಧೈರ್ಯ ಸಾಲಲಿಲ್ಲ, ಪಾದ್ರಿ ಊರಿನಲ್ಲಿರಲಿಲ್ಲ. "ನನ್ನ ತಂಗಿ, ನಾನೇ ಹೋಗ್ತೀನಿ" ಎಂದು ಎಲಿಸ್ ಟೋಪಿ ತೆಗೆದುಕೊಂಡು ಹೊರಟ. ಮುಂದಿನ ಸಲ ಬಂಡೆ ಕುಸಿದಾಗ ಎಲ್ಲರ ಕಣ್ಣೂ ತಾನಾಗಿ ಅವನ ಕಡೆ ತಿರುಗಿತು. ಅವನು ಒಲ್ಲೆ ಎನ್ನಲಿಲ್ಲ.

ಲೌರಿಯ ಮಗ ಇಡ್ವಲ್ ಆಗಿನ್ನೂ ತೊಟ್ಟಿಲ ಕೂಸು. ಅಪ್ಪನ ಮುಖ ಕಾಣದವನಿಗೆ ಸೋದರಮಾವನೇ ಅಪ್ಪನಾದ. ಕಲ್ಲಿಗೆ ಉಳಿ ಎಲ್ಲಿ ಇಡಬೇಕು, ಸುತ್ತಿಗೆ ಎಷ್ಟು ಹಗುರ ಬೀಳಬೇಕು, ಚರ್ಚಿನಲ್ಲಿ ಹಾಡುವಾಗ ಉಸಿರು ಎಲ್ಲಿ ಹಿಡಿಯಬೇಕು, ಇವೆಲ್ಲ ಅವನು ಮಾವನಿಂದಲೇ ಕಲಿತ. ಎಲಿಸ್‌ಗೂ ಹೆಂಡತಿ ಮಾರ್ಗೆಡ್‌ಗೂ ಒಬ್ಬನೇ ಮಗ, ಎಮ್ಲಿನ್. ಅವನು ಇಡ್ವಲ್‌ಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಇಡ್ವಲ್ ಮೇಲಿನ ಶೆಡ್ಡಿನಲ್ಲಿ ಕೂತು ಸ್ಲೇಟು ಕಲ್ಲನ್ನು ತೆಳು ಹಲಗೆಗಳಾಗಿ ಸೀಳುತ್ತಿದ್ದರೆ, ಎಮ್ಲಿನ್ ನೆಲದಡಿಯಲ್ಲಿ ತೊಡೆಗೆ ಸರಪಳಿ ಸುತ್ತಿಕೊಂಡು ಬಂಡೆಯ ಮುಖಕ್ಕೆ ಜೋತು, ಮೇಣದಬತ್ತಿಯ ಬೆಳಕಿನಲ್ಲಿ ರಂಧ್ರ ಕೊರೆಯುತ್ತಿದ್ದ.

"ನೀನು ಹೆಂಗಸರ ಥರ ಕೂತ್ಕೊಂಡು ತೆಳ್ಳಗೆ ರೊಟ್ಟಿ ತಟ್ತೀಯ ಕಣೋ. ನಾನು ಬಾವಲಿ ಥರ ನೇತಾಡ್ತೀನಿ" ಎಂದು ಊಟದ ಗುಡಿಸಲಿನಲ್ಲಿ ಇಡ್ವಲ್‌ನನ್ನು ಕೆಣಕುತ್ತಿದ್ದ.

"ಬಾವಲಿಗೆ ಇಷ್ಟು ಬಾಯಿರಲ್ಲ. ಬ್ರೆಡ್ ತಿನ್ನು, ಸುಮ್ಮನಿರು" ಎಂದು ಎಲಿಸ್ ಗದರುತ್ತಿದ್ದ. ಗದರುವಾಗಲೂ ಅವನ ಮೀಸೆಯಡಿ ನಗು ಇರುತ್ತಿತ್ತು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಎಲಿಸ್‌ನ ಎದೆಯೊಳಗೆ ಕಲ್ಲಿನ ಧೂಳು ಕೂತಿತ್ತು. ಗುಡ್ಡ ಹತ್ತುವಾಗ ಮೂರು ಕಡೆ ನಿಲ್ಲುತ್ತಿದ್ದವನು ಹತ್ತು ಕಡೆ ನಿಲ್ಲತೊಡಗಿದ. ಗಣಿಯ ಡಾಕ್ಟರು ಎದೆಗೆ ಕಿವಿಯಿಟ್ಟು ಕೇಳಿ, ಟೀ ಜಾಸ್ತಿ ಕುಡಿಯುವುದೇ ಕಾರಣ ಎಂದರು. "ನೋಡೇ ಮಾರ್ಗೆಡ್, ನಲವತ್ತು ವರ್ಷದಿಂದ ನನ್ನನ್ನ ಕೊಲ್ತಾ ಇರೋದು ನಿನ್ನ ಟೀ ಕೆಟಲ್ಲಂತೆ" ಎಂದು ಅವನು ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳಿಗೆ ನಗು ಬರಲಿಲ್ಲ.

ಕೆಲಸ ಬಿಡುವ ಮುಂಚೆ ಒಂದು ದಿನ ಅವನು ಇಡ್ವಲ್‌ನನ್ನು ಗುಡಿಸಲ ಹಿಂದೆ ಕರೆದೊಯ್ದ. "ಇನ್ಮೇಲೆ ಸುದ್ದಿ ಒಯ್ಯೋದು ನೀನು."

"ನನ್ನಿಂದ ಆಗಲ್ಲ ಮಾವ."

"ಆಗುತ್ತೆ ಅನ್ನೋನಿಗೆ ಈ ಕೆಲಸ ಕೊಡಬಾರದು." ಎಲಿಸ್ ಗೋಡೆಗೆ ಒರಗಿ ಉಸಿರು ಸುಧಾರಿಸಿಕೊಂಡು ಮಾತು ಮುಂದುವರಿಸಿದ. "ಓಡಬೇಡ. ತೀರ ನಿಧಾನಾನೂ ಬೇಡ. ಹಿತ್ತಲ ಬಾಗಿಲಿಂದ ಹೋಗು, ಮುಂಬಾಗಿಲಲ್ಲಿ ಬೀದಿಯೋರು ನೋಡ್ತಿರ್ತಾರೆ. ಮೊದಲನೇ ಮಾತಲ್ಲೇ ಸತ್ತ ಅನ್ನು. ಪೆಟ್ಟಾಗಿದೆ, ನೋಡ್ತಾ ಇದ್ದಾರೆ ಅಂತ ಸುತ್ತಿ ಬಳಸಿ ಹೇಳಬೇಡ. ನಾನು ನಿಮ್ಮಮ್ಮನಿಗೆ ಹಂಗೇ ಹೇಳಿದೆ. ಆಸ್ಪತ್ರೆಗೆ ಬೇಕಾಗುತ್ತೆ ಅಂತ ಅವಳು ಒಗೆದಿಟ್ಟ ಅಂಗಿ ಹುಡುಕಿ, ಮಡಚಿ, ಗಂಟು ಕಟ್ಟಿದ್ಲು. ಆ ಗಂಟನ್ನ ಅವಳ ಕೈಯಿಂದ ನಾನೇ ಬಿಡಿಸ್ಕೋಬೇಕಾಯ್ತು."

ಇಡ್ವಲ್ ಈ ಮಾತನ್ನು ತಾಯಿಯ ಬಾಯಿಂದ ಎಂದೂ ಕೇಳಿರಲಿಲ್ಲ. ಮಾವನ ತೋಳು ಹಿಡಿದುಕೊಂಡು ಇಳಿಜಾರು ಇಳಿಸಿದ.

ಅಷ್ಟಕ್ಕೇ ಮುಗಿಯಲಿಲ್ಲ. ಶನಿವಾರ ಮಧ್ಯಾಹ್ನಗಳಲ್ಲಿ ಎಲಿಸ್ ಅವನನ್ನು ತಾನು ಸುದ್ದಿ ಒಯ್ದಿದ್ದ ಮನೆಗಳಿಗೆಲ್ಲ ಕರೆದುಕೊಂಡು ಹೋದ. ಒಂದೊಂದು ಸಲ ಹಿತ್ತಲಲ್ಲಿ ಬೆಳೆದ ಈರುಳ್ಳಿ ಸೊಪ್ಪು, ಒಂದೊಂದು ಸಲ ಬರಿಗೈ. ಹೋಗಿ ಕೂತು, ಹವೆಯ ಮಾತಾಡಿ, ಟೀ ಕುಡಿದು ಎದ್ದು ಬರುವುದು. "ನನ್ನ ಮುಖ ಕಂಡ್ರೆ ಜನಕ್ಕೆ ಸಾವೊಂದೇ ನೆನಪಾಗಬಾರದು. ಸುಮ್ಮಸುಮ್ಮನೆ ಹೋಗ್ತಿರಬೇಕು" ಎಂದ. ಆದರೂ ಕೆಲವು ಮನೆಗಳ ಮಕ್ಕಳು ಮಾವನನ್ನು ಕಂಡೊಡನೆ ಆಟ ನಿಲ್ಲಿಸುತ್ತಿದ್ದುದನ್ನು ಇಡ್ವಲ್ ಕಂಡ. ಮಾವನೂ ಕಂಡಿದ್ದ. ಕಾಣದವನಂತೆ ಒಳಗೆ ಹೋಗುತ್ತಿದ್ದ.

ಆ ಚಳಿಗಾಲದಲ್ಲಿ ಹಿಮ ಬೇಗ ಬಿತ್ತು. ಒಂದು ದಿನ ಇಡ್ವಲ್ ಕಲ್ಲು ಸೀಳುತ್ತ ಕೂತಿದ್ದಾಗ ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತ. ಒಂದೊಂದೇ ಸುತ್ತಿಗೆಯ ಸದ್ದು ನಿಂತಿತು.

"ಯಾರು?" ಎಂದು ಇಡ್ವಲ್ ಕೇಳಿದ.

ಮೇಸ್ತ್ರಿ ಹೆಸರು ಹೇಳಲಾರದೆ ಅವನ ಹೆಗಲ ಮೇಲೆ ಕೈಯಿಟ್ಟ. "ನಿಮ್ಮ ಮಾವನ ಮನೆಗೆ ಹೋಗ್ಬೇಕು ಕಣಪ್ಪ."

ಇಡ್ವಲ್ ಕೆಳಗೆ ಹೋಗಿ ಎಮ್ಲಿನ್‌ನನ್ನು ನೋಡಿದ. ಅಲ್ಲಿದ್ದವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಮುಖ ತೊಳೆದುಕೊಂಡು ಹೊರಟ. ಹಿಮದ ದಾರಿಯಲ್ಲಿ ಅವನೊಬ್ಬನೇ ಕಪ್ಪಗೆ ಕಾಣುತ್ತಿದ್ದ. ಬೀದಿ ಮುಟ್ಟುವಷ್ಟರಲ್ಲಿ ಪ್ರತಿ ಬಾಗಿಲಲ್ಲೂ ಒಬ್ಬೊಬ್ಬ ಹೆಂಗಸು ನಿಂತಿದ್ದಳು. ಅವನು ದಾಟಿಹೋದ ಹಾಗೆ ತನ್ನ ಮನೆಗಲ್ಲ ಎಂದು ತಿಳಿದು ಒಬ್ಬೊಬ್ಬಳೇ ಒಳಗೆ ಸರಿದು ಬಾಗಿಲು ಎಳೆದುಕೊಂಡಳು.

ಎಲಿಸ್ ಒಲೆಯ ಪಕ್ಕ ಕುರ್ಚಿಯಲ್ಲಿದ್ದ. ಮಾರ್ಗೆಡ್ ಅಂಗಡಿಗೆ ಹೋಗಿದ್ದಳು. ಹಿತ್ತಲ ಬಾಗಿಲು ತೆರೆದ ಸದ್ದಿಗೇ ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಇಡ್ವಲ್ ಟೋಪಿ ತೆಗೆದ. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ ಮಾತು ಬಾಯಿಗೆ ಬರಲಿಲ್ಲ.

"ಮಾವ, ಎಮ್ಲಿನ್‌ಗೆ ಪೆಟ್ಟಾಗಿದೆ."

ಎಲಿಸ್ ಅವನತ್ತ ತಿರುಗಿದ. "ನೆಟ್ಟಗೆ ಹೇಳೋ."

"ಎಮ್ಲಿನ್ ಸತ್ತುಹೋದ, ಮಾವ."

"ಹ್ಞೂಂ." ಮುದುಕ ಕುರ್ಚಿಯ ತೋಳು ಹಿಡಿದುಕೊಂಡ. "ಕೂತ್ಕೋ. ನಿಂಗೂ ತಮ್ಮನೇ ಅವನು."

ಆಮೇಲೆ ಹೇಗಾಯಿತು ಎಂದು ಕೇಳಿದ. ಇಡ್ವಲ್ ಹೇಳಿದ. ಹೊರಗೆ ಹಿಮದ ಮೇಲೆ ಹೆಜ್ಜೆ ಸದ್ದಾಯಿತು.

"ಅವಳು ಬಂದ್ಲು" ಎಂದು ಎದ್ದು ನಿಲ್ಲಲು ನೋಡಿ ಮತ್ತೆ ಕುಸಿದ. "ನಾನೇ ಹೇಳ್ಬೇಕು. ಆದ್ರೆ ನನ್ನ ಉಸಿರು ಅರ್ಧಕ್ಕೇ ನಿಲ್ಲುತ್ತೆ. ಅರ್ಧ ಮಾತು ಅವಳಿಗೆ ಬೇಡ. ನೀನೇ ಹೇಳು. ಪೂರ್ತಿ ಹೇಳು. ಹೇಗಾಯ್ತು ಅಂತ ಮಾತ್ರ ಅವಳಾಗಿ ಕೇಳೋ ತನಕ ಬೇಡ."

ಮಾರ್ಗೆಡ್ ತಲೆಯ ಮೇಲಿನ ಹಿಮ ಕೊಡವುತ್ತ ಒಳಗೆ ಬಂದಳು. "ಏನು ಇಬ್ಬರೂ ಹಿಂಗೆ ಕೂತಿದ್ದೀರಾ? ಒಲೆ ಆರ್ತಾ ಇದೆ, ಒಂದು ಇದ್ದಿಲು ಹಾಕೋಕೆ ಆಗಲ್ವಾ?"

"ಅತ್ತೆ, ಎಮ್ಲಿನ್ ಸತ್ತುಹೋದ" ಎಂದ ಇಡ್ವಲ್.

ಅವಳು ಅಂಗಡಿಯಿಂದ ತಂದ ಬ್ರೆಡ್ಡನ್ನು ಮೇಜಿನ ಮೇಲಿಟ್ಟಳು. ಬಿದ್ದೀತೇನೋ ಎಂಬಂತೆ ಅಂಚಿನಿಂದ ಒಳಕ್ಕೆ ಸರಿಸಿದಳು. "ಆಚೆ ಹೋಗು" ಎಂದಳು. ಇಡ್ವಲ್ ಹೋಗಿ ಹಿತ್ತಲಲ್ಲಿ ನಿಂತ. ಪಕ್ಕದ ಮನೆಯಾಕೆ ಬರುವ ತನಕ ಅಲ್ಲೇ ನಿಂತಿದ್ದ. ಒಳಗಿನಿಂದ ಅಳುವ ಸದ್ದೂ ಕೇಳಲಿಲ್ಲ.

ಎಲಿಸ್ ವಸಂತ ಕಾಣಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅವನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಹೆಂಡತಿ ಮಾತಾಡಿಸಿದರೆ ತಲೆಯಾಡಿಸುತ್ತಿದ್ದ, ಅಷ್ಟೇ. ಧೂಳು ಗಂಟಲಿಗೆ ಬಂತು ಎಂದು ಊರವರು ಅಂದುಕೊಂಡರು. ಶವದ ಪೆಟ್ಟಿಗೆಗೆ ಇಡ್ವಲ್ ಹೆಗಲು ಕೊಟ್ಟ. ಅತ್ತೆ ಅವನತ್ತ ಕಣ್ಣೆತ್ತಲಿಲ್ಲ. ಸಮಾಧಿಯ ಬಳಿ ಗಣಿಯವರು ದನಿಗಳನ್ನು ನಾಲ್ಕಾಗಿ ಹಂಚಿಕೊಂಡು ಹಾಡಿದರು. ಹಾಡು ಎತ್ತಿಕೊಳ್ಳುವವನು ಎಂದೂ ಎಲಿಸ್ ಆಗಿದ್ದರಿಂದ ಮೊದಲ ಸಾಲು ತಡವರಿಸಿತು.

ಆಮೇಲೆ ಶನಿವಾರಗಳಂದು ಇಡ್ವಲ್ ಅತ್ತೆಯ ಬಾಗಿಲು ತಟ್ಟತೊಡಗಿದ.

"ಯಾರು?"

"ನಾನು ಇಡ್ವಲ್, ಅತ್ತೆ."

"ಇನ್ಯಾರು ಸತ್ತರು? ನಮ್ಮನೇಲಿ ಇನ್ನು ಯಾರೂ ಉಳಿದಿಲ್ಲ."

ಅವನು ಇದ್ದಿಲ ಬುಟ್ಟಿ ತುಂಬಿಸಿ ಬಾಗಿಲ ಬಳಿ ಇಟ್ಟು ಹಿಂತಿರುಗುತ್ತಿದ್ದ. ಬೇಸಿಗೆ ಹೀಗೇ ಕಳೆಯಿತು. ಚರ್ಚಿನಲ್ಲಿ ಸುಗ್ಗಿಯ ಪ್ರಾರ್ಥನೆ ಮುಗಿದ ವಾರ ಬಾಗಿಲ ಅಗಳಿ ತೆಗೆದಿತ್ತು. ಮಾರ್ಗೆಡ್ ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು.

"ಕೂತ್ಕೋ. ಅವತ್ತು ನೀನು ನಂಗೆ ಪೂರ್ತಿ ಹೇಳಲಿಲ್ಲ."

"ನೀವು ಕೇಳಲಿಲ್ಲ, ಅತ್ತೆ."

"ಈಗ ಕೇಳ್ತಿದ್ದೀನಿ."

ಇಡ್ವಲ್ ಹೇಳಿದ. ಬಂಡೆ ಎಮ್ಲಿನ್‌ನ ಸೊಂಟದ ಮೇಲೆ ಬಿದ್ದಿತ್ತು. ಎತ್ತಲು ಆಗಲಿಲ್ಲ. ಅವನು ತಕ್ಷಣ ಸಾಯಲಿಲ್ಲ. ನೀರು ಕೇಳಿದ, ಕೊಟ್ಟರು. ನೋವಿಗೆ ಕೂಗಿಕೊಂಡ. ಮೇಣದಬತ್ತಿ ಒಂದು ಉರಿದು ಮುಗಿದು ಇನ್ನೊಂದು ಹಚ್ಚುವ ತನಕ ಜೀವ ಇತ್ತು. ಅಮ್ಮನಿಗೆ ಮಾತ್ರ ಒಂದೇ ಏಟಿಗೆ ಹೋದ ಎಂದು ಹೇಳಿ ಅಂದಿದ್ದ.

ಮಾರ್ಗೆಡ್‌ಳ ಕೈಯ ಚಾಕು ನಿಂತಿತು. "ನಿಮ್ಮ ಮಾವನಿಗೆ ಇದು ಗೊತ್ತಿತ್ತಾ?"

"ಅವತ್ತೇ ಕೇಳಿದ್ರು. ಅವತ್ತೇ ಹೇಳಿದೆ."

ಅವಳು ಚಾಕು ಕೆಳಗಿಟ್ಟಳು. "ಉಸಿರಿಲ್ಲ, ಅದಕ್ಕೇ ಅವರು ಮಾತಾಡ್ತಿಲ್ಲ ಅಂದ್ಕೊಂಡಿದ್ದೆ" ಎಂದಳು. "ಎಮ್ಲಿನ್ ನರಳಿದ್ನಾ ಅಂತ ನಾನು ಎಷ್ಟು ಸಲ ಕೇಳಿದೆ. ಆ ಮನುಷ್ಯನಿಗೆ ಸುಳ್ಳು ಹೇಳೋಕೆ ಬರ್ತಿರಲಿಲ್ಲ. ಮಗ ಬೇಡಿಕೊಂಡಿದ್ದನ್ನ ಮುರಿಯೋಕೂ ಮನಸ್ಸಾಗಿಲ್ಲ. ಅದಕ್ಕೇ ಬಾಯೇ ಕಟ್ಟಿಕೊಂಡ್ರು."

ಅವಳ ಕಣ್ಣಲ್ಲಿ ನೀರು ಬಂದದ್ದು ಆಗಲೇ. ಅದು ಗಂಡನಿಗಾಗಿಯೋ ಮಗನಿಗಾಗಿಯೋ ಹೇಳುವಂತಿರಲಿಲ್ಲ. ಅವಳು ಅತ್ತು ಮುಗಿಸುವ ತನಕ ಅವನು ಉಳಿದ ಆಲೂಗಡ್ಡೆಗಳನ್ನು ಸುಲಿದ. ಬೇಯಿಸಿ ಮಜ್ಜಿಗೆ ಹಾಕಿಕೊಂಡು ಇಬ್ಬರೂ ಊಟ ಮಾಡಿದರು.