ಸುಮಿತ್ರಕ್ಕನ ಹೆಣಿಗೆ ಕಡ್ಡಿ

ಸುಮಿತ್ರಕ್ಕ ಓದುವಾಗ ಸಾಲಿನ ಕೆಳಗೆ ಬೆರಳಿಡುತ್ತಿರಲಿಲ್ಲ, ಸ್ವೆಟರ್ ಹೆಣೆಯುವ ಕಡ್ಡಿ ಇಡುತ್ತಿದ್ದರು. ಕಡ್ಡಿ ಮುಟ್ಟದ ಪದ ಬಾಯಿಂದ ಹೊರಡುತ್ತಿರಲಿಲ್ಲ.

ಧಾರವಾಡದವರು. ಲಂಡನ್ನಿನ ಕೆಂಟನ್ನಿನಲ್ಲಿ ನನ್ನ ಮೇಲಿನ ಫ್ಲ್ಯಾಟು. ಕಾಲೇಜಿನ ಪಾಠದಿಂದ ನಿವೃತ್ತರಾದ ಮೇಲೆ ಒಂದೇ ಕೆಲಸ ಹಿಡಿದಿದ್ದರು: ನಾನೂರು ವರ್ಷದ ಹಿಂದಿನ ಒಬ್ಬ ಇಂಗ್ಲಿಷ್ ಮಹಾಕವಿಯನ್ನು ಅನುಕರಿಸಿ ಯಾರು ಯಾರೋ ಬರೆದ ಪದ್ಯಗಳನ್ನು ಟಿಪ್ಪಣಿಗಳೊಂದಿಗೆ ಅಚ್ಚಿಗೆ ತರುವುದು. ಹಸ್ತಪ್ರತಿ ಉಳಿದಿರುವುದು ಒಂದೇ.

“ದೊಡ್ಡ ಕವೀನ್ನ ಎಲ್ಲಾರೂ ಅಚ್ಚು ಹಾಕ್ತಾರ. ಅವನ ಹಿಂದ ನಡದವರನ್ನ ಯಾರ್ ಕೇಳ್ತಾರ, ತಮ್ಮಾ?”

ಪತ್ರಿಕೆಯ ಡೆಸ್ಕಿನಲ್ಲಿ ವರ್ಷಗಟ್ಟಲೆ ಪ್ರೂಫ್ ತಿದ್ದಿದ್ದ ನನ್ನನ್ನು ಜೊತೆಗೆ ಎಳೆದುಕೊಂಡರು. ಅವರು ಹಸ್ತಪ್ರತಿಯ ಫೋಟೊ ನೋಡಿ ಗಟ್ಟಿಯಾಗಿ ಓದಬೇಕು, ನಾನು ಪ್ರೂಫ್ ಹಿಡಿದು ಕೇಳಬೇಕು. ಮಹಾಕವಿ ಅವರಿಗೆ ಬಾಯಿಪಾಠ. ಕೆಲವೊಮ್ಮೆ ಅನುಕರಣೆಯ ಜಾಗದಲ್ಲಿ ಅವನ ಸಾಲೇ ಬಂದುಬಿಡುತ್ತಿತ್ತು. ನಾನು ಕೆಮ್ಮುತ್ತಿದ್ದೆ. “ಮಾಸ್ತರ್ ಬಂದ್ರು, ಹುಡುಗ್ರು ಹೊರಗ ಓಡಿದ್ರು” ಎಂದು ನಗುತ್ತಿದ್ದರು.

ಆ ಚಳಿಗಾಲ ಒಂದೇ ವಾರದಲ್ಲಿ ಎರಡು ಸಲ ಗ್ಯಾಸ್ ಹಚ್ಚಿ ಮರೆತರು. ಡಾಕ್ಟರು ಮರೆವಿನ ಪರೀಕ್ಷೆಗೆಂದು ಮೆಮೊರಿ ಕ್ಲಿನಿಕ್ಕಿಗೆ ಕಳಿಸಿದರು. ಅಲ್ಲಿಂದ ಬಂದವರು ಕೋಟು ಬಿಚ್ಚದೆ ಕೂತರು.

“ಇದೊಂದ್ ಮುಗಿಯೂತನಕ ತಲಿ ಇರ್ಬೇಕು, ತಮ್ಮಾ. ಇಲ್ಲದ್ದನ್ನ ಓದಿದ್ರ ನಿಲ್ಲಸು. ನನಗ ಅದರದ ಹೆದ್ರಿಕಿ.”

ಹೆದರಿಕೆ ನನಗೂ ಅಂಟಿತು. ಕೊನೆಯ ಪ್ರೂಫಿನ ದಿನ, ಪದ್ಯವೊಂದರ ನಡುವೆ ಪ್ರೂಫಿನಲ್ಲಿಲ್ಲದ ಸಾಲೊಂದನ್ನು ಓದಿದರು. ಮಹಾಕವಿಯದೂ ಅಲ್ಲ. ಕಡ್ಡಿ ಹಾಳೆಯ ಅಂಚಿಗೆ ಸರಿದಿತ್ತು, ಜಾರಿತೆಂದುಕೊಂಡೆ.

“ಅಕ್ಕಾ, ಆ ಸಾಲು ಇಲ್ಲ.”

ನನ್ನ ಮುಖವನ್ನೇ ನೋಡಿದರು. “ಇಲ್ಲಾ?”

ಎದ್ದು ಫೋಟೊ ನೋಡಲು ಎರಡು ಹೆಜ್ಜೆ ಸಾಕಿತ್ತು. ಡೆಸ್ಕಿನಲ್ಲಿ ಮೂಲ ನೋಡದೆ ಒಂದು ಹೆಸರನ್ನೂ ಬಿಟ್ಟವನಲ್ಲ ನಾನು. ಅಲ್ಲಿ ಏನೂ ಇಲ್ಲದಿದ್ದರೆ ಅವರ ಮುಖ ನೋಡುವುದು ಹೇಗೆ? ಏಳಲಿಲ್ಲ. ಅವರು ಕಡ್ಡಿ ಕೆಳಗಿಟ್ಟರು.

“ಉಳದದ್ದು ನೀನ ಓದು.”

ಪುಸ್ತಕ ಬಂದ ಮೇಲೆ ಅವರು ಎಜ್‌ವೇರಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೇರ್ ಹೋಮ್ ಸೇರಿದರು. ಅವರ ಫ್ಲ್ಯಾಟ್ ಖಾಲಿ ಮಾಡುವಾಗ ಆ ಹಾಳೆಯ ಫೋಟೊ ಸಿಕ್ಕಿತು. ಅಂಚಿನಲ್ಲಿ, ಅಡ್ಡಲಾಗಿ, ಸಣ್ಣ ಅಕ್ಷರದಲ್ಲಿ ಆ ಸಾಲಿತ್ತು. ಟೈಪು ಮಾಡುವಾಗ ಬಿಟ್ಟದ್ದು ಅವರಿಗೆ ಓದುವಾಗ ಕಂಡಿತ್ತು.

ಕೇರ್ ಹೋಮಿಗೆ ಹೋಗಿ ಆ ಸಾಲು ಓದಿ ಹೇಳಿದೆ. ಅದೇ ಕೊನೆಯ ಭೇಟಿ. ಕಣ್ಣು ಮುಚ್ಚಿ ಕೇಳಿದರು.

“ಛಲೋ ಅದ. ಯಾರು ಬರದದ್ದು?”

“ಹೆಸರು ಗೊತ್ತಿಲ್ಲ, ಅಕ್ಕಾ. ಪುಸ್ತಕದಲ್ಲಿ ಬಿಟ್ಟುಹೋಗಿದೆ. ನನ್ನ ತಪ್ಪು.”

ಅಪರಿಚಿತರಿಗೆ ಸಮಾಧಾನ ಹೇಳುವವರಂತೆ ನನ್ನ ಕೈ ತಟ್ಟಿದರು.

“ಹೆದರಬ್ಯಾಡ್ರಿ. ಯಾರನ್ನರ ಕೂಡಿಸ್ಕೊಂಡು ಇನ್ನೊಮ್ಮೆ ಗಟ್ಟಿಯಾಗಿ ಓದ್ರಿ.”