ಚೀಲದ ನಡುವಿನ ಭತ್ತ, ಶನಿವಾರದ ವ್ಯಾನು

ರಾಯಚೂರಿನಿಂದ ಮಸರಕಲ್ಲಿಗೆ ಹೋಗುತ್ತಿದ್ದ ಶನಿವಾರದ ಬೆಳಗುಗಳು ಈಗಲೂ ಅರೆನಿದ್ದೆಯಲ್ಲಿ ಕಣ್ಣ ಮುಂದೆ ಬರುತ್ತವೆ. ನನ್ನ ಬಿಳಿ ವ್ಯಾನು. ಒಳಗೆ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವ ಮೇಡಂ, ಅವರ ನಾಲ್ವರು ವಿದ್ಯಾರ್ಥಿನಿಯರು, ಹಿಂದಿನ ಗಾಜಿಗೆ ಒರಗಿದ ಹಳೆ ಪೇಪರಿನ ಕಟ್ಟು. ಹೊರಗೆ ಮಂಜೋ ಧೂಳೋ ತಿಳಿಯದ ಬೆಳಕು. ಹತ್ತಿ ಹೊಲಗಳು ನೆಲ ಬಿಟ್ಟು ತೇಲುತ್ತಿರುವಂತೆ ಕಾಣುತ್ತಿದ್ದವು.

ನಾನು ಭತ್ತದ ದಲಾಲಿ. ಮಾನ್ವಿಯಲ್ಲಿ ಚೀಲ ಹೊತ್ತು ಶುರು ಮಾಡಿದವನು, ಈಗ ರಾಯಚೂರಿನ ಧಾನ್ಯದ ಮಾರುಕಟ್ಟೆ ಗಂಜ್‌ನಲ್ಲಿ ಅಂಗಡಿ ಇಟ್ಟಿದ್ದೇನೆ. ಚೌಕಾಸಿ ಮಾಡದೆ ಬಾಳೆಹಣ್ಣನ್ನೂ ಕೊಂಡವನಲ್ಲ. ದೇವದುರ್ಗ ತಾಲ್ಲೂಕಿನ ಮಸರಕಲ್ ನನ್ನ ಹುಟ್ಟೂರು. ಅಲ್ಲಿನ ಹೆಡ್‌ಮಾಸ್ತರರು ಒಮ್ಮೆ, "ಮೊಬೈಲಿನಾಗ ಬಂದದ್ದೆಲ್ಲಾ ಖರೇ ಅಂತ ನಂಬಾಕತ್ತಾವ್ರೀ ಹುಡುಗ್ರು" ಎಂದರು. ಸುದ್ದಿ ಖರೆಯೋ ಸುಳ್ಳೋ ನೋಡುವುದನ್ನು ಆ ಮಕ್ಕಳಿಗೆ ಕಲಿಸಿರೆಂದು ಕೇಳಲು ನಾನು ಕಾಲೇಜಿಗೆ ಹೋಗಿ ಮೇಡಂ ಎದುರು ಕೂತೆ. ಅವರು ತಿಂಗಳಿಗೊಮ್ಮೆ ಬರುತ್ತೇನೆಂದರು. ವ್ಯಾನು ನನ್ನದು, ಪ್ರತಿ ಶನಿವಾರ ಬರ್ರಿ ಎಂದೆ. ಶಾಲೆಗೆ ಪಾಠ, ಅವರ ವಿದ್ಯಾರ್ಥಿನಿಯರಿಗೆ ಅನುಭವ, ನನಗೆ ಊರಲ್ಲಿ ಒಳ್ಳೆ ಹೆಸರು. ಇಂಥದಕ್ಕೆ ಕೈ ಹಾಕುವವರು ನೆನಪಿಡಿ: ಎಲ್ಲರಿಗೂ ಏನಾದರೂ ದಕ್ಕಿದರೆ ಮಾತ್ರ ಒಪ್ಪಂದ ಬಾಳುತ್ತದೆ.

ಮೊದಲ ಪಾಠಕ್ಕೆ ಮೇಡಂ ನನ್ನನ್ನೇ ನಿಲ್ಲಿಸಿದರು. ಚೂಪು ತುದಿಯ ಟೊಳ್ಳು ಕೊಳವೆಯನ್ನು ಚೀಲದ ನಡುವಿಗೆ ಚುಚ್ಚಿ, ಒಳಗಿನ ಭತ್ತವನ್ನು ಅಂಗೈಗೆ ಸುರಿದು ತೋರಿಸಿದೆ. "ಚೀಲದ ಬಾಯಾಗ ಎಲ್ಲಾರೂ ಚಲೋದನ್ನ ಇಡ್ತಾರ. ಸುದ್ದೀನೂ ಹಿಂಗ ಚುಚ್ಚಿ ನೋಡ್ರಿ. ಯಾರು ಕಳಿಸಿದ್ರು, ಎಲ್ಲೀದು, ಯಾವಾಗಿಂದು?" ಮಕ್ಕಳು ಬರೆದುಕೊಂಡರು.

ಕೆಲವು ವಾರಗಳ ಮೇಲೆ, ಒಂದು ಶುಕ್ರವಾರ. ಗಂಜ್‌ನ ಗದ್ದಲದ ನಡುವೆ ವಾಟ್ಸಾಪಿಗೊಂದು ದನಿ ಸಂದೇಶ ಬಂತು: ಬಿಳಿ ವ್ಯಾನಿನವರು ದೇವದುರ್ಗದ ಕಡೆ ಶಾಲೆ ಮಕ್ಕಳ ಫೋಟೋ ತೆಗೆದುಕೊಂಡು ಹೋಗುತ್ತಿದ್ದಾರೆ, ಹುಷಾರು. ಜೊತೆಗೊಂದು ಫೋಟೋ. ಅದನ್ನು ತೆರೆಯಲೂ ಇಲ್ಲ. ಎರಡನ್ನೂ ಊರಿನ ವಾಟ್ಸಾಪ್ ಗುಂಪಿಗೆ ದಾಟಿಸಿದೆ. ಊರನ್ನು ಕಾಪಾಡಿದೆನೆಂಬ ಹಿಗ್ಗು ಬೇರೆ.

ಮರುದಿನ ನಾವು ಹೋದಾಗ ಶಾಲೆಯ ಅಂಗಳ ಖಾಲಿ. ಶಾಲೆಯ ಗೇಟಿನಲ್ಲಿ ತಾಯಂದಿರು ಗುಂಪಾಗಿ ನಿಂತಿದ್ದರು. ಮುಂದೆ ಒಬ್ಬ ಮುದುಕಿ, ಪಕ್ಕದಲ್ಲಿ ಎಂಟನೆಯ ತರಗತಿಯ ಮೊಮ್ಮಗಳು.

"ಯಪ್ಪಾ, ಈ ಗಾಡಿ ಇನ್ನ ಮ್ಯಾಲ ಊರಾಗ ಬರೂದು ಬ್ಯಾಡ" ಎಂದಳು ಮುದುಕಿ.

ಮೇಡಂ ವ್ಯಾನಿನಿಂದ ಇಳಿಯಲಿಲ್ಲ. "ಊರಿಗೇ ಭಯವಾದರೆ ನನ್ನ ಹುಡುಗಿಯರನ್ನು ನಾನು ಕರೆತರಲಾರೆ. ಇವತ್ತಿಗೇ ನಿಲ್ಲಿಸೋಣ" ಎಂದರು.

ಅಷ್ಟರಲ್ಲಿ ಮೊಮ್ಮಗಳು ಅಜ್ಜಿಯ ಫೋನು ಹಿಡಿದು ನನ್ನ ಹತ್ತಿರ ಬಂದಳು. "ಮಾವಾ, ಚುಚ್ಚಿ ನೋಡೀನಿ. ಫೋಟೋ ದೊಡ್ಡದು ಮಾಡಿದ್ರ ಹಿಂದಿನ ಗಾಜಿನ್ಯಾಗ ಪೇಪರ್ ಕಟ್ಟು ಕಾಣಾಕತ್ತದ. ಇದು ನಿಮ್ಮ ಗಾಡಿ." ಆಮೇಲೆ ದನಿ ತಗ್ಗಿಸಿದಳು. "ಊರಿಗೆ ಕಳಿಸಿದವ್ರೂ ನೀವಽ."

ಅದು ನನಗೊಬ್ಬನಿಗೇ ಕೇಳಿಸಿತ್ತು. ವಾಟ್ಸಾಪ್ ಗುಂಪಿಗೆ ಅದನ್ನು ಯಾರು ಕಳಿಸಿದರೆಂದು ಉಳಿದವರು ಇನ್ನೂ ನೋಡಿರಲಿಲ್ಲ. ಮಾತು ತಿರುಗಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಆ ಕ್ಷಣ ಮಾತ್ರ ಗಾಳಿಯಲ್ಲಿ ತೇಲುವ ಹತ್ತಿ ಎಳೆಯಂತೆ, ಕೆಳಗಿಳಿಯದೆ ನಿಂತುಬಿಟ್ಟಿತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಯವ್ವಾ, ಅದನ್ನ ಕಳಿಸಿದಾವ ನಾನಽ" ಎಂದೆ ಎಲ್ಲರಿಗೂ ಕೇಳುವಂತೆ. "ಫೋಟೋದಾಗಿನ ಗಾಡೀನೂ ನಂದಽ, ಪಾಠಕ್ಕ ಬರೂದು. ಸುದ್ದಿ ಸುಳ್ಳು. ಫೋಟೋ ತೆರದು ನೋಡ್ಲಿಲ್ಲ."

ಮುದುಕಿ ನನ್ನನ್ನೊಮ್ಮೆ, ವ್ಯಾನನ್ನೊಮ್ಮೆ ನೋಡಿದಳು. "ಮಂದಿ ಚೀಲ ಎಲ್ಲಾ ಚುಚ್ಚತೀ. ನಿನ್ನ ಗಾಡಿ ಗುರ್ತು ನಿನಗಽ ಹತ್ತಲಿಲ್ಲೇನು?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಹಂಗಾದ್ರ ನಾವೂ ಒಳಗ ಕುಂಡ್ರತೀವಿ. ಏನ್ ಕಲಸ್ತಾರ ನಮಗೂ ತಿಳೀಲಿ" ಎಂದಳು ಮುದುಕಿ. ಈ ಷರತ್ತಿಗೆ ನಾನು ಚೌಕಾಸಿ ಮಾಡಲಿಲ್ಲ. ಮೇಡಂ ಇಳಿದರು.

ಮಕ್ಕಳೆಲ್ಲ ಬಂದ ಮೇಲೆ ಬೆಂಚುಗಳು ಸಾಲದೆ ತಾಯಂದಿರು ನೆಲದಲ್ಲಿ ಕೂತರು. ಕಿಟಕಿಯಿಂದ ಬಿಸಿಲು ನಿಧಾನವಾಗಿ ಅವರ ಸೆರಗುಗಳ ಮೇಲೆ ಸರಿಯುತ್ತಿತ್ತು. ನಾನು ಕೊನೆಯ ಬೆಂಚಿನ ತುದಿಯಲ್ಲಿದ್ದೆ. ಆ ಹುಡುಗಿ ತನ್ನ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ನನ್ನ ಮುಂದಿಟ್ಟಳು.

"ನೀವೂ ಬರ್ಕೋರಿ, ಮಾವಾ."